ಅರ್ಧ ಮಿಲಿಮೀಟರ್ ತೂತಿನ ಪರವಾಗಿ

ಬರೆಯಲು ಮಳೆಗಾಲವಿದೆ, ಮಾವಿನಕಾಯಿ ಉಪ್ಪಿನಕಾಯಿಯಿದೆ. ಅದನ್ನೆಲ್ಲ ಬಿಟ್ಟು ಅಮೆರಿಕದ ಕಾರುಗಳ ಪೆಟ್ರೋಲ್ ಟ್ಯಾಂಕಿನ ತೂತಿನ ಬೆನ್ನು ಹತ್ತಿರುವುದಕ್ಕೆ ನನಗೂ ತುಸು ನಾಚಿಕೆಯಿದೆ. ಖುಷಿ ಮಾತ್ರ ಅದಕ್ಕಿಂತ ಒಂದು ಗುಲಗಂಜಿ ಹೆಚ್ಚು. ತೂತಾದರೂ ಎಂಥದ್ದು? ಅರ್ಧ ಮಿಲಿಮೀಟರಿನದು. ಅಲ್ಲಿನ ಕಾರುಗಳು ಮೊದಲು ಒಂದು ಮಿಲಿಮೀಟರಿನ ತೂತು ಪತ್ತೆ ಹಚ್ಚಿದರೆ ಸಾಕಿತ್ತು; 2000ದ ಮಾಡೆಲ್‌ನಿಂದ ಹಂತಹಂತವಾಗಿ ಈ ಅರ್ಧಕ್ಕೂ ಚೆಕ್ ಎಂಜಿನ್ ದೀಪ ಹತ್ತಲೇಬೇಕೆಂದಾಯಿತು. ಸ್ಕ್ಯಾನರ್ ಹಾಕಿ ನೋಡಿದರೆ ಪಿ0456 ಎಂಬ ಕೋಡ್: ಅತಿ ಸಣ್ಣ ಸೋರಿಕೆ. ಎಲ್ಲಿ ಅಂತ ಕೇಳಬೇಡಿ, ಅದು ಹೇಳುವುದಿಲ್ಲ. ನನ್ನ ವಾದ ಇಷ್ಟೇ: ಈ ತೂತನ್ನು ಹುಡುಕಬೇಕೇ ಹೊರತು ಊಹಿಸಬಾರದು.

‘ಕಾರು ಚೆನ್ನಾಗೇ ಓಡುತ್ತಿದೆಯಲ್ಲ, ಸೋರಿದರೆ ಸೋರಲಿ ಬಿಡಿ’ ಎನ್ನುವವರಿದ್ದಾರೆ. ಓಡುತ್ತದೆ, ನಿಜ. ನಿಂತ ಕಾರಿನದೇ ಇಲ್ಲಿ ತಂಟೆ. ಬಿಸಿಲೇರಿದಂತೆ ಟ್ಯಾಂಕಿನ ಪೆಟ್ರೋಲ್ ಆವಿಯಾಗುತ್ತದೆ. ಇದ್ದಿಲು ತುಂಬಿದ ಕ್ಯಾನಿಸ್ಟರ್ ಅದನ್ನು ಹಿಡಿದಿಟ್ಟುಕೊಂಡು, ಎಂಜಿನ್ ಓಡುವಾಗ ಪರ್ಜ್ ವಾಲ್ವ್ ಮೂಲಕ ಉರಿಯಲು ಕಳಿಸುತ್ತದೆ. ತೂತಿದ್ದರೆ ಆವಿ ಸೀದಾ ಊರಿಗೆ. ಇಂಥ ಆವಿ, ನೈಟ್ರೋಜನ್ ಆಕ್ಸೈಡ್, ಬಿಸಿಲು ಮೂರೂ ಸೇರಿದರೆ ಓಝೋನ್ ಹುಟ್ಟುತ್ತದೆ, ಲಾಸ್ ಏಂಜಲೀಸಿನ ಕಣ್ಣುರಿಸುವ ಹೊಗೆಮಂಜಿಗೆ ಮೂಲ ಈ ಕ್ರಿಯೆಯೇ ಎಂದು ರಸಾಯನಶಾಸ್ತ್ರಜ್ಞ ಹಾಗೆನ್-ಸ್ಮಿಟ್ 1950ರ ದಶಕದ ಆರಂಭದಲ್ಲೇ ತೋರಿಸಿಕೊಟ್ಟಿದ್ದರು. ಒಂದು ಕಾರಿನ ತೂತು ಯಾವ ಲೆಕ್ಕ ಎನ್ನಬಹುದು. ಆ ಊರಿನಲ್ಲಿ ಇರುವುದು ಒಂದೇ ಕಾರಲ್ಲ.

‘ಹಾಗಾದರೆ ಟ್ಯಾಂಕಿನ ಮುಚ್ಚಳ ಬದಲಾಯಿಸಿ, ಕೋಡ್ ಅಳಿಸಿಬಿಡಿ’ ಎನ್ನುವುದು ಇನ್ನೊಂದು ಪಂಗಡ. ಇವರ ಮೇಲೆ ನನಗೆ ನಿಜಕ್ಕೂ ಸಿಟ್ಟಿದೆ. ಮುಚ್ಚಳದ ರಬ್ಬರ್ ಸೀಳಿರುವುದುಂಟು, ಮೊದಲು ಅದನ್ನೇ ನೋಡಬೇಕು, ಒಪ್ಪಿದೆ. ಇವರು ನೋಡುವುದಿಲ್ಲ, ಕೊಳ್ಳುತ್ತಾರೆ. ಆಮೇಲೆ ದೀಪ ಆರಿತಲ್ಲ ಎಂದು ಬೀಗುತ್ತಾರೆ. ಆರಿದ್ದು ಇವರು ಆರಿಸಿದ್ದರಿಂದ! ತೂತಿದೆಯೇ ಎಂದು ತನ್ನನ್ನೇ ಪರೀಕ್ಷಿಸಿಕೊಳ್ಳಲು ಕಾರು ಮುಹೂರ್ತ ನೋಡುತ್ತದೆ: ಟ್ಯಾಂಕು ತುಂಬಿ ತುಳುಕಬಾರದು, ಬರಿದೂ ಆಗಿರಬಾರದು, ಸಾಮಾನ್ಯವಾಗಿ ಶೇ. 15ರಿಂದ 85ರೊಳಗಿರಬೇಕು, ಎಂಜಿನ್ ತಾಸುಗಟ್ಟಲೆ ನಿಂತು ತಣ್ಣಗಾಗಿರಬೇಕು, ಹೊರಗೆ ವಿಪರೀತ ಚಳಿಯೂ ಕೂಡದು, ಸೆಕೆಯೂ ಕೂಡದು. ಅಲ್ಲಿಯವರೆಗೆ ದೀಪ ಸುಮ್ಮನಿದ್ದರೆ ತೂತು ಮುಚ್ಚಿದೆ ಎಂದಲ್ಲ, ಕಾರು ಇನ್ನೂ ನೋಡಿಯೇ ಇಲ್ಲ ಎಂದರ್ಥ. ಕೋಡಿನ ಜೊತೆ, ದೀಪ ಹತ್ತಿದ ಹೊತ್ತಿನ ಎಂಜಿನ್ ಶಾಖ, ವೇಗ ಎಲ್ಲ ಬರೆದಿಟ್ಟ ಸಾಕ್ಷ್ಯವೂ ಅಳಿಸಿಹೋಗಿರುತ್ತದೆ.

ಮುಚ್ಚಳವಾದಿಗಳಿಗೆ ಉತ್ತರ ಕೊಡಲು ಒಂದು ಜೇಡ ಸಾಕು. 2011ರಲ್ಲಿ ಮಜ್ದಾ ಕಂಪನಿ ಅಮೆರಿಕದಲ್ಲಿ ಸಾವಿರಾರು ಮಜ್ದಾ-6 ಕಾರುಗಳನ್ನು ವಾಪಸ್ ಕರೆಸಿತು. ಪೆಟ್ರೋಲ್ ವಾಸನೆಗೆ ಮರುಳಾಗುವ ಒಂದು ಜಾತಿಯ ಹಳದಿ ಜೇಡ ಕ್ಯಾನಿಸ್ಟರಿನ ಗಾಳಿಕೊಳವೆ ಹೊಕ್ಕು ಬಲೆ ನೇಯುತ್ತಿತ್ತಂತೆ. ಅಷ್ಟು ದೊಡ್ಡ ದೇಶದಲ್ಲಿ ಅದಕ್ಕೆ ಬೇರೆ ಮೂಲೆ ಸಿಗಲಿಲ್ಲವೇ ಎಂದು ಬೈಯುವ ಮೊದಲು ಅದರ ಅನುಕೂಲವನ್ನೂ ನೋಡಿ: ಬಾಡಿಗೆಯಿಲ್ಲ, ಮಳೆ ಸೋಕುವುದಿಲ್ಲ, ಪೊರಕೆ ಬರುವುದಿಲ್ಲ, ಪರಿಮಳ ಬಿಟ್ಟಿ, ಮೇಲೆ ಊರೂರು ಪ್ರವಾಸ. ಇತ್ತ ಗಾಳಿಯ ದಾರಿ ಕಟ್ಟಿ, ಎಂಜಿನ್ ಹೀರಿದಂತೆ ಒಳಗಿನ ಒತ್ತಡ ಇಳಿದು ಟ್ಯಾಂಕೇ ಬಿರುಕು ಬಿಡುವ ಅಪಾಯ. ಎಂಜಿನಿಯರುಗಳು ಕೂತು ಯೋಚಿಸಿ ಕೊಳವೆಗೆ ಸ್ಪ್ರಿಂಗ್ ಅಳವಡಿಸಿದರು. 2014ರಲ್ಲಿ ಜೇಡನ ದೆಸೆಯಿಂದಲೇ ಮತ್ತೆ ಕಾರುಗಳನ್ನು ಕರೆಸಬೇಕಾಯಿತು. ಆ ಸಲ ಸಾಫ್ಟ್‌ವೇರ್ ತಿದ್ದಿದರು. ಇದು ಅಡಚಣೆ, ತೂತಲ್ಲ ಎಂದು ತಕರಾರು ತೆಗೆಯುವವರಿಗೆ: ಟ್ಯಾಂಕ್ ಬಿರಿದ ಮೇಲೆ ತೂತೇ. ಎಷ್ಟು ಮುಚ್ಚಳ ಕೊಂಡಿದ್ದರೂ ಆ ಸಂಸಾರ ಕದಲುತ್ತಿರಲಿಲ್ಲ.

ಹಾಗಾದರೆ ತೂತು ಹುಡುಕುವುದು ಹೇಗೆ? ಹೊಗೆ ಬಿಟ್ಟು. ಈ ಹೊಗೆ ಪರೀಕ್ಷೆಗೆ ಮುಚ್ಚಳಕ್ಕಿಂತ ಖರ್ಚು ಹೆಚ್ಚು, ಹೌದು. ಮುಚ್ಚಳ, ಆಮೇಲೆ ಪರ್ಜ್ ವಾಲ್ವ್, ಆಮೇಲೆ ಕ್ಯಾನಿಸ್ಟರ್ ಎಂದು ಬೆಳೆಯುವ ಬಿಲ್ಲಿನ ಮುಂದೆ ಅದು ಅಗ್ಗ. ಕ್ಯಾನಿಸ್ಟರಿನ ಗಾಳಿಯ ದಾರಿಯ ವೆಂಟ್ ವಾಲ್ವ್ ಮುಚ್ಚಿ, ಮಿನರಲ್ ಎಣ್ಣೆಯ ಹೊಗೆಯನ್ನು ಅರ್ಧ ಪಿಎಸ್‌ಐ ಆಸುಪಾಸಿನ ಒತ್ತಡದಲ್ಲಿ ಒಳಗೆ ಬಿಡುತ್ತಾರೆ. (ಟೈರಿನ ಕಂಪ್ರೆಸರ್ ಹಚ್ಚಲು ಹೊರಟ ಧೀರರು ದಯವಿಟ್ಟು ದೂರವಿರಿ, ಪೆಟ್ರೋಲ್ ಆವಿಗೆ ಗಾಳಿ ಬೆರೆತರೆ ಕಿಡಿಯೊಂದೇ ಬಾಕಿ.) ಆಮೇಲೆ ಕಾರಿನಡಿ ಮಲಗಿ ಟಾರ್ಚ್ ಹಿಡಿದು ಕಾಯುವುದು. ರಬ್ಬರ್ ಪೈಪು ಒಣಗಿ ಬಿರಿದ ಕಡೆ, ಕ್ಲ್ಯಾಂಪಿನ ಅಂಚಿನಿಂದ ಬಿಳಿ ಎಳೆಯೊಂದು ಎದ್ದು, ಬಾಗಿ, ಕರಗುತ್ತದೆ. ತೂತು ಸಿಕ್ಕಿತು. ಅದನ್ನು ಮುಚ್ಚಿದ ಮೇಲೂ ಕಾರಿಗೆ ಮುಹೂರ್ತ ಕೂಡಿಬರಬೇಕು. ಕ್ಯಾಲಿಫೋರ್ನಿಯಾ ಸರ್ಕಾರಕ್ಕೂ ಇದು ಗೊತ್ತಿರುವಂತಿದೆ: 2000 ಮತ್ತು ನಂತರದ ಪೆಟ್ರೋಲ್ ಕಾರುಗಳು ಸ್ಮಾಗ್ ಚೆಕ್ ಎಂಬ ಮಾಲಿನ್ಯ ತಪಾಸಣೆಗೆ ಬಂದಾಗ ಬಾಕಿ ಉಳಿಸಿಕೊಳ್ಳಬಹುದಾದ ಸ್ವಪರೀಕ್ಷೆ ಒಂದೇ ಒಂದು, ಅದು ಈ ಆವಿಯದು.