ಜಾಮಿನ ಮಡಿ, ಕೆನೆಯ ಮೈಲಿಗೆ

ಸ್ಕೋನ್ ಎಂಬ ಸಾಂಪ್ರದಾಯಿಕ ಇಂಗ್ಲಿಷ್ ಬನ್ನನ್ನು ಮನೆಯಲ್ಲೇ ಮಾಡಲು ಹೊರಟವರು ಮೊದಲು ಅಂಗಡಿಗೆ ಹೋಗಿ ಒಂದು ಡಬ್ಬಿ ಸಂಪ್ರದಾಯ ತರಬೇಕು. ಡಬ್ಬಿಯ ಮೇಲೆ ಬೇಕಿಂಗ್ ಪೌಡರ್ ಎಂದಿರುತ್ತದೆ. ಹೆಂಡತಿಗೆ ಯೀಸ್ಟ್ ಒಗ್ಗದೆಂದು ಬರ್ಮಿಂಗ್‌ಹ್ಯಾಮಿನ ಆಲ್ಫ್ರೆಡ್ ಬರ್ಡ್ ಎಂಬಾತ 1843ರಲ್ಲಿ ಇಂಥದೊಂದು ಪುಡಿ ಮಾಡಿದ. ಅಷ್ಟು ಹೊತ್ತಿಗೆ ಇಂಗ್ಲೆಂಡಿನಲ್ಲಿ ಜನ ರೈಲು ಹತ್ತಿ ಇಳಿದು ಅಭ್ಯಾಸವಾಗಿತ್ತು. ಇನ್ನೂ ಹಿಂದಿನದು ಬೇಕೆಂದರೆ ಸ್ಕಾಟ್ಲೆಂಡಿನ ಬಡವರ ಒಲೆಗೆ ಹೋಗಬೇಕು. ಅವರು ಓಟ್ಸ್, ಬಾರ್ಲಿ ಹಿಟ್ಟು ತಟ್ಟಿ ಕಾವಲಿಯ ಮೇಲೆ ಬೇಯಿಸುತ್ತಿದ್ದರು. ಅದನ್ನು ಬೆಳ್ಳಿ ಚಮಚದ ಪಕ್ಕ ಇಡಲು ಯಾರಿಗೂ ಮನಸ್ಸಿಲ್ಲ.

ಇರಲಿ, ಮಾಡುವುದು ಸುಲಭ. 225 ಗ್ರಾಂ ಮೈದಾಕ್ಕೆ ಪುಡಿ ಬೆರೆಸಿ, 55 ಗ್ರಾಂ ತಣ್ಣನೆಯ ಬೆಣ್ಣೆಯನ್ನು ಬೆರಳ ತುದಿಯಲ್ಲೇ ಉಜ್ಜಿ ರವೆಯ ಹದಕ್ಕೆ ತನ್ನಿ. ಚೂರು ಸಕ್ಕರೆ, ಹಿಟ್ಟು ಕೂಡಿಕೊಳ್ಳುವಷ್ಟು ಹಾಲು. ಚಪಾತಿ ಹಿಟ್ಟು ನಾದಿ ಪಳಗಿದ ಕೈಗೆ ಮುಂದಿನದೇ ಶಿಕ್ಷೆ: ನಾದಬಾರದು. ನಾದಿದರೆ ಗ್ಲುಟೆನ್ ಬಿಗಿದು, ಸ್ಕೋನು ಅತಿಥಿಗಳತ್ತ ಎಸೆಯಲಷ್ಟೇ ಯೋಗ್ಯವಾಗುತ್ತದೆ. ಒಂದಂಗುಲ ದಪ್ಪಕ್ಕೆ ತಟ್ಟಿ, ಬಿಲ್ಲೆ ಕತ್ತರಿಸಿ, 220 ಡಿಗ್ರಿಯಲ್ಲಿ ಹನ್ನೆರಡು ನಿಮಿಷ. ಅಡುಗೆ ಮುಗಿಯಿತು, ಧರ್ಮಯುದ್ಧ ಶುರುವಾಯಿತು.

ಇಂಗ್ಲೆಂಡಿನ ಡೆವನ್ ಮತ್ತು ಕಾರ್ನ್‌ವಾಲ್ ಕೌಂಟಿಗಳ ನಡುವೆ ಇರುವುದು ಟೇಮರ್ ಎಂಬ ನದಿ. ಡೆವನ್ನಿನವರು ಸ್ಕೋನಿಗೆ ಮೊದಲು ಕೆನೆ ಬಳಿದು ಮೇಲೆ ಜಾಮ್ ಇಡುತ್ತಾರೆ. ಕಾರ್ನ್‌ವಾಲಿನವರು ಮೊದಲು ಜಾಮ್ ಸವರಿ ಮೇಲೆ ಕೆನೆ. ಹೊಟ್ಟೆಗೆ ಹೋದ ಮೇಲೆ ಎರಡೂ ಒಂದೇ ಎಂದವನಿಗೆ ಎರಡೂ ದಡದಲ್ಲಿ ಬಹಿಷ್ಕಾರ. ಕೆನೆಯೂ ಸಾಮಾನ್ಯದ್ದಲ್ಲ. ಕಾರ್ನಿಷ್ ಕ್ಲಾಟೆಡ್ ಕ್ರೀಮ್ ಎಂಬ ಹೆಸರು ಬೇಕಾದರೆ ಕನಿಷ್ಠ ಶೇಕಡಾ 55ರಷ್ಟು ಕೊಬ್ಬಿರಬೇಕೆಂಬ ಕಟ್ಟಳೆಯಿದೆ. ಕೊಬ್ಬಿಗೂ ಅಲ್ಲಿ ಭೌಗೋಳಿಕ ರಕ್ಷಣೆ.

2018ರಲ್ಲಿ ಕಾರ್ನ್‌ವಾಲಿನ ಲ್ಯಾನ್‌ಹೈಡ್ರಾಕ್ ಬಂಗಲೆಯವರು ತಾಯಂದಿರ ದಿನದ ಜಾಹೀರಾತಿನಲ್ಲಿ, ಪಾಪ, ಕೆನೆಯ ಮೇಲೆ ಜಾಮ್ ಕೂತ ಚಿತ್ರ ಹಾಕಿಬಿಟ್ಟರು. ಜನ ರೊಚ್ಚಿಗೆದ್ದರು. ಬಂಗಲೆ ನೋಡಿಕೊಳ್ಳುವ ನ್ಯಾಷನಲ್ ಟ್ರಸ್ಟಿನ ಸದಸ್ಯತ್ವ ಬಿಡುತ್ತೇವೆಂದು ಬೆದರಿಸಿದವರೂ ಇದ್ದರು. ಟ್ರಸ್ಟ್ ತಡಮಾಡದೆ ಕ್ಷಮೆ ಕೇಳಿತು. ಮರುವರ್ಷ ಜಲಿಯನ್‌ವಾಲಾ ಬಾಗ್ ಹತ್ಯಾಕಾಂಡಕ್ಕೆ ನೂರು ತುಂಬಿತು. ಬ್ರಿಟನ್ನಿನ ಆಗಿನ ಪ್ರಧಾನಿ ತೆರೇಸಾ ಮೇ ಪಾರ್ಲಿಮೆಂಟಿನಲ್ಲಿ ಎದ್ದು ನಿಂತು ವಿಷಾದ ವ್ಯಕ್ತಪಡಿಸಿದರು. ಕ್ಷಮೆ ಕೇಳಲಿಲ್ಲ, ಅಲ್ಲಿ ಯಾರೂ ಕೆನೆಯ ಮೇಲೆ ಜಾಮ್ ಹಚ್ಚಿರಲಿಲ್ಲವಲ್ಲ.