ಮೋಡದಲ್ಲಿ ಮಡಗಿದ್ದು

ಸಂಗ್ರಹ, ಹಂಚಿಕೆ ಎಂಬ ಎರಡು ಪದ ಕಿವಿಗೆ ಬಿದ್ದರೆ ಮಂಡ್ಯದವರು ಕೂತಲ್ಲೇ ನೆಟ್ಟಗಾಗುತ್ತೇವೆ. ಬೆಳಿಗ್ಗೆ ಪೇಪರ್ ಬಂತೆಂದರೆ ಮೊದಲು ನೋಡುವುದು ಕೆಆರ್‌ಎಸ್ ಮಟ್ಟ: ಗರಿಷ್ಠ 124.80 ಅಡಿ, ಇವತ್ತಿನದು ಇಷ್ಟು, ಒಳಹರಿವು ಇಷ್ಟು, ಹೊರಹರಿವು ಇಷ್ಟು. ಆಮೇಲೆ ನಿಧನವಾರ್ತೆ, ಆಮೇಲೆ ಕಾಫಿ. ಹೀಗೆ ಬೆಳೆದ ನನಗೆ, ಅಕ್ಕನ ಮಗಳ ಮದುವೆ ಮುಗಿದ ಮೂರನೇ ದಿನ ಫೋನು ‘ಸಂಗ್ರಹ ಭರ್ತಿಯಾಗಿದೆ’ ಎಂದಾಗ ಒಂದು ಗಳಿಗೆ ಖುಷಿಯೇ ಆಯಿತು. ಕಟ್ಟೆ ಭರ್ತಿಯಾದರೆ ಮುಖ್ಯಮಂತ್ರಿಗಳು ಬಂದು ಬಾಗಿನ ಅರ್ಪಿಸುತ್ತಾರೆ. ಫೋನು ಭರ್ತಿಯಾದರೆ ಯಾರೂ ಬರುವುದಿಲ್ಲ. ಬರಬೇಕಾದ ಫೋಟೋವೂ ಬರುವುದಿಲ್ಲ.

ಮದುವೆ ಮದ್ದೂರಿನಲ್ಲಿ. ಫೋಟೋ 3,200, ತೂಕ 38 ಜಿಬಿ. ಬೀಗರೂಟದ್ದೇ ಆರುನೂರು, ಅದರಲ್ಲಿ ಮದ್ದೂರಿನ ಬಾವ ಕಣ್ಣು ಮುಚ್ಚಿ ನಲ್ಲಿಮೂಳೆ ಹೀರುತ್ತಿರುವವು ಹದಿನಾಲ್ಕು. ಸ್ಟುಡಿಯೋದ ಹುಡುಗ ಎಲ್ಲವನ್ನೂ ಒಂದು ಪೆನ್‌ಡ್ರೈವಿಗೆ ತುಂಬಿ ಕೊಟ್ಟ. ಪೆನ್‌ಡ್ರೈವ್ ಒಂದು, ಹಕ್ಕುದಾರರು ಐದು: ಮದ್ದೂರಿನ ಅಕ್ಕ, ಮಳವಳ್ಳಿಯಲ್ಲಿ ಅವ್ವ ಮತ್ತು ಅಣ್ಣ, ಮಂಡ್ಯದಲ್ಲಿ ನಾನು, ಬೆಂಗಳೂರಿನ ಬೀಗರು, ಅಮೆರಿಕದಲ್ಲಿ ಅಣ್ಣನ ಮಗ. ಅದು ಬಾವನ ಅಂಗಿ ಜೇಬಿನಲ್ಲಿ ಕೂತು ಒಗೆಯುವ ಕಲ್ಲಿನ ಮೇಲೆ ನಾಲ್ಕು ಏಟು ತಿಂದು, ಬಿಸಿಲಲ್ಲಿ ಒಣಗಿ, ಅದು ಹೇಗೋ ಬದುಕಿ ನನ್ನ ಕೈ ಸೇರಿತು. ಅಂದಿನಿಂದ ಫೋಟೋ ಎಲ್ಲಿಡಬೇಕು ಎಂದು ತೀರ್ಮಾನಿಸುವ ಏಕಸದಸ್ಯ ನ್ಯಾಯಾಧಿಕರಣ ನಾನೇ ಆದೆ.

‘ಅದ್ಯಾಕಪ್ಪ ಅಷ್ಟು ತಲೆ ಕೆಡಿಸ್ಕತೀಯ, ಗ್ರೂಪಿಗೆ ಹಾಕು’ ಅಂದರು ಬಾವ. ಹಾಕಿದೆ. ಗ್ರೂಪೆನ್ನುವುದು ಆಲೆಮನೆಯ ಗಾಣ. ಹನ್ನೆರಡು ಎಂಬಿಯ ಕಬ್ಬು ಕೊಟ್ಟರೆ ಆ ಕಡೆ ಬರುವುದು ಸಿಪ್ಪೆ. ಮದುಮಗಳ ಓಲೆಯ ಕಲ್ಲು ಎಣಿಸಲು ಹೋದರೆ ಕಿವಿಯೇ ಕಾಣದು.

‘ಚಪ್ಪಟೆ ಮಾಡಿದ್ರೆ ಕೆಡ್ತದೆ ಅಂತ ಯಾರಂದೋರು?’ ಬಾವ ಬಿಡಲಿಲ್ಲ. ‘1917ರಲ್ಲಿ ನಮ್ಮೂರ ಸ್ಟೇಷನ್ನಿಗೆ ರೈಲು ಬಂದೇಬಿಡ್ತು ಅಂತ ಪಕೋಡದ ಹಿಟ್ಟು ತಟ್ಟಿ ಬಿಟ್ಟಿದ್ದಕ್ಕೇ ಮದ್ದೂರು ವಡೆ ಆಗಿದ್ದು.’

ಊರಿನ ಚರಿತ್ರೆಯನ್ನೇ ಸಾಕ್ಷಿಗೆ ಕರೆದವರ ಎದುರು ವಾದ ಹೂಡುವುದು ಕಷ್ಟ. ಆದರೆ ವಡೆಗೆ ಕಿವಿಯೋಲೆ ಇರುವುದಿಲ್ಲ ಎಂದು ಅಕ್ಕ ತೀರ್ಪು ಕೊಟ್ಟಳು.

ಮಳವಳ್ಳಿಯಿಂದ ಅಣ್ಣನ ದೂರು ಬೇರೆ. ಅವನ ಫೋನಿಗೆ ನೆಟ್‌ವರ್ಕ್ ಸಿಗುವುದು ಟೆರೇಸಿನ ನೀರಿನ ಟ್ಯಾಂಕಿನ ಪಕ್ಕ, ಅದೂ ಟ್ಯಾಂಕಿಗೆ ಒರಗಿ ನಿಂತರೆ. ‘ಬಿಡಪ್ಪ, ಕೊನೇ ಭಾಗಕ್ಕೆ ಯಾವತ್ತು ಬಂದದೆ?’ ಅಂದ. ವಿಶ್ವೇಶ್ವರಯ್ಯ ನಾಲೆಯಲ್ಲಿ ನೀರು ಬಿಟ್ಟಾಗ ಮಂಡ್ಯ ದಾಟಿ ಮದ್ದೂರು, ಮಳವಳ್ಳಿಯ ಕೊನೇ ಗದ್ದೆ ಕಾಣುವ ಹೊತ್ತಿಗೆ ಏನಾಗುತ್ತದೆಂದು ಬಲ್ಲವನ ಮಾತದು. ಉತ್ತರ ಹೇಳಲು ನಾನು ನೀರಾವರಿ ಮಂತ್ರಿಯಲ್ಲ.

ಹಾಗಾಗಿ ಒಂದು ಭಾನುವಾರ ಮಳವಳ್ಳಿಯ ಜಗಲಿಯಲ್ಲಿ ಸಭೆ ಸೇರಿತು. ಎಲ್ಲವನ್ನೂ ಕ್ಲೌಡಿಗೆ ಹಾಕಿಬಿಡೋಣ ಎಂದೆ. ಹಾಗಂದರೆ ಏನೆಂದು ಅವ್ವ ಕೇಳಿದಳು. ಮೋಡ ಎಂದು ಬಾಯಿತಪ್ಪಿ ಅಂದುಬಿಟ್ಟೆ.

‘ಮೋಡದಲ್ಲಿ ಮಡಗ್ತೀಯೇನ್ಲಾ? ಕೊಡಗಿನ ಮೋಡ ನಂಬ್ಕಂಡೇ ಈ ಜಿಲ್ಲೆ ಹಿಂಗಾಗಿರೋದು.’

ನಿಜವಾದ ಮೋಡವಲ್ಲ ಕಣವ್ವ, ದೊಡ್ಡ ಕಂಪನಿಯವರು ಎಲ್ಲೋ ಕಂಪ್ಯೂಟರ್ ಸಾಲುಸಾಲಾಗಿ ಜೋಡಿಸಿರುತ್ತಾರೆ, ಅದರೊಳಗೆ ನಮ್ಮ ಫೋಟೋ ಇರುತ್ತದೆ, ಬೇಕೆಂದಾಗ ಇಲ್ಲೇ ಕೂತು ನೋಡಬಹುದು ಎಂದೆ.

‘ಇನ್ನೊಬ್ಬರ ಮನೆ ಅಟ್ಟ ಅನ್ನು. ಬಾಡಿಗೆ?’

‘ಹದಿನೈದು ಜಿಬಿ ಗಂಟ ಪುಕ್ಕಟೆ.’

‘ಪುಕ್ಕಟೆ ಅಟ್ಟ ಕೊಡೋನು ಏಣಿ ತನ್ನ ತಾವೇ ಮಡಿಕ್ಕಂಡಿರ್ತಾನೆ ಕನ್ಲಾ.’

ಈ ಅಟ್ಟಗಳ ಚರಿತ್ರೆ ಅವ್ವನಿಗೆ ಗೊತ್ತಿಲ್ಲ, ಏಣಿಯದು ಗೊತ್ತು. ಗೂಗಲ್ ಫೋಟೋಸ್ 2015ರಲ್ಲಿ ಬಂದಾಗ, ಫೋಟೋ ಕೊಂಚ ಕುಗ್ಗಿಸಲು ಒಪ್ಪಿದರೆ ಎಷ್ಟು ಬೇಕಾದರೂ ಇಡಿ ಎಂದಿತ್ತು. 2021ರ ಜೂನ್ 1ರಿಂದ ಆ ಧಾರಾಳ ನಿಂತು, ಎಲ್ಲವೂ 15 ಜಿಬಿಯ ಲೆಕ್ಕಕ್ಕೆ ಬಂತು. ಅದರಲ್ಲೇ ಮೇಲ್‌ಗೂ ಪಾಲು. ಫ್ಲಿಕರ್ 2013ರಲ್ಲಿ ಸಾವಿರ ಜಿಬಿ ಬಿಟ್ಟಿ ಕೊಟ್ಟು, 2019ರ ಹೊತ್ತಿಗೆ ಬಿಟ್ಟಿಯವರಿಗೆ ಒಂದು ಸಾವಿರ ಫೋಟೋ ಎಂದು ಗೆರೆ ಎಳೆಯಿತು. ಪಿಕಾಸಾ 2016ರಲ್ಲಿ ಅಂಗಡಿ ಮುಚ್ಚಿತು. ಅಮೆರಿಕದ ಹುಡುಗ ವಿಡಿಯೋದಲ್ಲಿ ಬಂದು, ‘ಚಿಕ್ಕಪ್ಪ, ಐಕ್ಲೌಡಿಗೆ ಹಾಕಿ’ ಅಂದ. ಅಲ್ಲಿ ಬಿಟ್ಟಿ ಐದೇ ಜಿಬಿ. ಬೀಗರೂಟದಲ್ಲಿ ಮೊದಲ ಪಂಕ್ತಿ ಏಳುವುದರೊಳಗೆ ತುಂಬಿಹೋಗುತ್ತದೆ.

ನನಗೂ ಒಮ್ಮೆ ಬಿಸಿ ತಾಗಿದೆ. ಮುತ್ತತ್ತಿಗೆ ಹೋಗಿ ಬಂದ ಫೋಟೋಗಳನ್ನೆಲ್ಲ ಒಂದು ತಾಣದಲ್ಲಿಟ್ಟು ಮರೆತಿದ್ದೆ. ‘ಮುಚ್ಚುತ್ತಿದ್ದೇವೆ, ಬಂದು ಒಯ್ಯಿರಿ’ ಎಂದು ಅವರು ಮೂರು ಮೇಲ್ ಕಳಿಸಿದ್ದರಂತೆ. ಸೀರೆ ಸೇಲಿನ ಮೇಲ್‌ಗಳ ನಡುವೆ ಅವನ್ನು ಓದಿದ್ದು ಅಂಗಡಿ ಮುಚ್ಚಿ ಎಂಟು ತಿಂಗಳಾದ ಮೇಲೆ.

‘ನಮ್ಮ ಫೋಟೋ ಎಲ್ಲೋ ದೂರದಲ್ಲಿ ಯಾಕಿರಬೇಕು?’ ಎಂದು ಅಣ್ಣ ಸ್ವಾಭಿಮಾನದ ಪ್ರಶ್ನೆ ಎತ್ತಿದ. ನಮ್ಮ ತಾಲ್ಲೂಕಿಗೆ ಇದು ಹೊಸದಲ್ಲ ಎಂದೆ. ಶಿವನಸಮುದ್ರದಲ್ಲಿ ಕರೆಂಟು ತಯಾರಾಗಿದ್ದು 1902ರಲ್ಲಿ. ತಂತಿ ಹಿಡಿದು ಮೊದಲು ಹೋದದ್ದು ಕೋಲಾರದ ಚಿನ್ನದ ಗಣಿಗೆ. ಅಣ್ಣ ಟ್ಯಾಂಕಿನ ಕಡೆ ನೋಡಿ ಸುಮ್ಮನಾದ.

ಕೊನೆಗೆ ಗೂಗಲ್‌ನಲ್ಲೇ ವರ್ಷಕ್ಕೆ 1,300 ರೂಪಾಯಿಯ ನೂರು ಜಿಬಿಯ ಜಾಗವೇ ವಾಸಿ ಎಂದಾಯಿತು. ಐದು ಮನೆ, ತಲಾ 260. ಬಾವ ತಕರಾರು ತೆಗೆದರು: ಮದುವೆ ಖರ್ಚು ಅವರದೇ, ಈ ವರ್ಷ ಕಬ್ಬಿನ ಬಾಕಿ ಬೇರೆ ಬಂದಿಲ್ಲ, ಆದ್ದರಿಂದ ಸಂಕಷ್ಟ ಸೂತ್ರ ಅನ್ವಯವಾಗಬೇಕು. ಸಾಮಾನ್ಯ ವರ್ಷದಲ್ಲಿ 260, ಸಂಕಷ್ಟದ ವರ್ಷದಲ್ಲಿ ಒಂದು ಡಜನ್ ವಡೆ ಎಂದು ಒಪ್ಪಂದವಾಯಿತು. ಕಾವೇರಿ ತೀರದಲ್ಲಿ ಒಂದು ಹಂಚಿಕೆ ಸುಪ್ರೀಂ ಕೋರ್ಟ್ ಮೆಟ್ಟಿಲು ಹತ್ತದೆ ಮುಗಿದದ್ದಕ್ಕೆ ನನಗೆ ನಾನೇ ಬೆನ್ನು ತಟ್ಟಿಕೊಂಡೆ.

ಅಷ್ಟರಲ್ಲಿ ಅವ್ವ ಒಳಗಿಂದ ಒಂದು ಕಟ್ಟು ತಂದು ಮಡಿಲಲ್ಲಿ ಬಿಚ್ಚಿದಳು. ಗಗನಚುಕ್ಕಿಯ ಎದುರು ಅಪ್ಪ, ಅವ್ವ ನಿಂತು ತೆಗೆಸಿದ ಕಪ್ಪು ಬಿಳುಪಿನ ಪಟದ ಚೌಕಟ್ಟು. ಗೋಡೆಯ ಗೆದ್ದಲು ಹಿಂದಿನಿಂದ ಬಂದು ಜಲಪಾತವನ್ನು ಪೂರ್ತಿ, ಅಪ್ಪನನ್ನು ಎದೆಯವರೆಗೆ ತಿಂದು ಮುಗಿಸಿತ್ತು. ನಮ್ಮ ಬಾಯಿ ಕಟ್ಟಿತು. ಅವ್ವನ ಮುಖ ಮಾತ್ರ ಬಾಡಲಿಲ್ಲ.

‘ಮೂರು ಕಾಪಿ ಹಾಕ್ಸಿದ್ದೆ. ಒಂದು ಇಲ್ಲಿ, ಒಂದು ಮದ್ದೂರಲ್ಲಿ ನಿಮ್ಮಕ್ಕನ ಟ್ರಂಕಲ್ಲಿ, ಒಂದು ಮಂಡ್ಯದಲ್ಲಿ ನಿಮ್ಮ ಚಿಕ್ಕಪ್ಪನ ಮನೇಲಿ. ಒಂದು ಗೆದ್ದಲಿಗೆ ಅಂತ್ಲೇ ಲೆಕ್ಕ.’

ಕಂಪ್ಯೂಟರಿನವರು ಇದನ್ನೇ 3-2-1 ಎನ್ನುತ್ತಾರೆ: ಪ್ರತಿ ಮೂರು, ಇಡುವ ಬಗೆ ಎರಡು, ಒಂದು ಬೇರೆ ಜಾಗದಲ್ಲಿ. ನಾನು ಹದಿನೈದು ದಿನ ಓದಿ ಕಲಿತ ಸೂತ್ರ ಅವ್ವನ ಸೊಂಟದ ಬೀಗದ ಕೈಗೊಂಚಲಲ್ಲೇ ಇತ್ತು. ತೀರ್ಪನ್ನು ಅಲ್ಲೇ ತಿದ್ದಿದೆ. ಎಲ್ಲವೂ ಬಾಡಿಗೆಯ ಅಟ್ಟಕ್ಕೆ; ಒಂದು ಹಾರ್ಡ್‌ಡಿಸ್ಕ್ ಮದ್ದೂರಿನ ಬೀರುವಿಗೆ, ಬಾವನ ಅಂಗಿಗಳಿಂದ ದೂರವಾಗಿ; ಅರವತ್ತು ಫೋಟೋ ಕಾಗದಕ್ಕಿಳಿದು ಮಳವಳ್ಳಿಯ ಟ್ರಂಕಿಗೆ.

ಒಂದು ಷರತ್ತು ಉಳಿದಿತ್ತು. ಬಾಡಿಗೆ ಕಟ್ಟುವುದು ನಿಂತು, ಎರಡು ವರ್ಷ ಯಾರೂ ಖಾತೆಯ ಬಾಗಿಲು ತೆರೆಯದಿದ್ದರೆ ಗೂಗಲ್ ಅದನ್ನು ಅಳಿಸಿಹಾಕಬಹುದು. ಅವ್ವನಿಗೆ ಇದು ನ್ಯಾಯವೆನಿಸಿತು. ‘ಎರಡು ವರ್ಷ ಯಾರೂ ಕೇಳ್ದೆ ಇದ್ರೆ ಇನ್ನೇನ್ ಮಾಡ್ತಾರೆ? ಪಿತೃಪಕ್ಷಕ್ಕೆ ಹೆಂಗೂ ಟ್ರಂಕು ತಗೀತೀವಿ, ಅದ್ನೂ ತಗಿ.’

ಈ ಸಲ ತೆಗೆದೆವು. ಮದ್ದೂರಿನ ಕಾಪಿಯಿಂದ ಹೊಸದಾಗಿ ಹಾಕಿಸಿದ ಅಪ್ಪನ ಪಟದ ಮುಂದೆ ಎಡೆ: ಮುದ್ದೆ, ಮಾಂಸದ ಸಾರು, ವಡೆ, ಒಂದು ಕಟ್ಟು ಬೀಡಿ. ಪಕ್ಕದಲ್ಲಿ, ಆ ಪಟವನ್ನೂ ಅಟ್ಟಕ್ಕೇರಿಸಿದ್ದ ಫೋನು. ಅದರಲ್ಲಿ ಎರಡು ಮುಖ ಅಕ್ಕಪಕ್ಕ ಬಂದವು: ಗಗನಚುಕ್ಕಿಯ ಮುಂದೆ ನಿಂತ ಇಪ್ಪತ್ತರ ಅವ್ವ, ಧಾರೆ ಸೀರೆಯುಟ್ಟ ಅವಳ ಮೊಮ್ಮಗಳು. ಕೆಳಗೊಂದು ಪ್ರಶ್ನೆ: ಇಬ್ಬರೂ ಒಬ್ಬರೇನಾ?

ಅವ್ವ ಕನ್ನಡಕ ಸರಿಮಾಡಿಕೊಂಡು ತುಂಬ ಹೊತ್ತು ನೋಡಿದಳು.

‘ಒಬ್ರೇ ಅಂದ್ರೆ ಜಾಗ ಉಳೀತದಾ?’

‘ಇಲ್ಲ ಕಣವ್ವ.’

‘ಉಳೀದಿದ್ರೂ ಹೋಗ್ಲಿ, ಒಬ್ರೇ ಅನ್ನು.’