ಶ್ರೀಯುತ ನಲವತ್ತು ಲಕ್ಷ ರೂಪಾಯಿಯವರಿಗೊಂದು ಬಹಿರಂಗ ಪತ್ರ

ಇವರಿಗೆ,
ಶ್ರೀಯುತ ನಲವತ್ತು ಲಕ್ಷ ರೂಪಾಯಿಯವರು,
ವಿಧಾನಸಭಾ ಅಭ್ಯರ್ಥಿಯ ಗರಿಷ್ಠ ವೆಚ್ಚ ಮಿತಿ,
ಕೇರಾಫ್ ಜಿಲ್ಲಾ ಚುನಾವಣಾಧಿಕಾರಿಗಳ ಕಚೇರಿ, ಹಾಸನ.

ಮಾನ್ಯರೇ,

ತಾವು ಕ್ಷೇಮವಾಗಿದ್ದೀರೆಂದು ಲೆಕ್ಕದ ವಹಿಗಳಿಂದ ತಿಳಿದು ಸಂತೋಷವಾಯಿತು. ಚುನಾವಣೆ ಎಷ್ಟೇ ಜೋರಾಗಿ ನಡೆಯಲಿ, ತಮಗೊಂದು ತರಚುಗಾಯವೂ ಆಗುವುದಿಲ್ಲವಂತೆ. ಫಲಿತಾಂಶ ಬಂದ ಮೂವತ್ತು ದಿನದೊಳಗೆ ಅಭ್ಯರ್ಥಿಗಳು ಓಚರುಗಳನ್ನು ಅಂಟಿಸಿ ಲೆಕ್ಕ ಒಪ್ಪಿಸುವಾಗ ತಮ್ಮ ಮುಂದೆ ತಲೆಬಾಗಿ, ತಮ್ಮಿಂದ ಬಹುದೂರದಲ್ಲೇ ನಿಲ್ಲುವುದು ದೇಶದುದ್ದಕ್ಕೂ ನಡೆದುಬಂದ ಸಂಪ್ರದಾಯ. ಇಷ್ಟು ಭಯಭಕ್ತಿಗೆ ಪಾತ್ರವಾದ ಇನ್ನೊಂದು ಕಾನೂನು ಭಾರತದಲ್ಲಿದ್ದರೆ ತಿಳಿಸಿ.

ಆದರೆ ತಮ್ಮನ್ನು ಕಣ್ಣಾರೆ ಕಂಡವರು ನಮ್ಮ ಕಡೆ ಯಾರೂ ಸಿಗುತ್ತಿಲ್ಲ. ಹಾಸನಾಂಬೆ ವರ್ಷಕ್ಕೊಮ್ಮೆ ಬಾಗಿಲು ತೆಗೆದಾಗಲಾದರೂ ದರ್ಶನ ಕೊಡುತ್ತಾಳೆ. ತಾವು ಬರುವುದೇ ಐದು ವರ್ಷಕ್ಕೊಮ್ಮೆ, ಬಂದಾಗಲೂ ಕಾಗದದ ಮೇಲೆ. ಹೊಳೆನರಸೀಪುರದ ಟೀ ಅಂಗಡಿಯಲ್ಲಿ ಕೇಳಿದೆ, ರಾಮನಾಥಪುರದ ತಂಬಾಕು ಹರಾಜಿಗೆ ಬಂದವರನ್ನು ಕೇಳಿದೆ. “ನಲವತ್ತು ಲಕ್ಷವಾ? ಯಾವ ಹೋಬಳಿಗೆ ಸ್ವಾಮಿ?” ಎಂದು ಅವರೇ ನನ್ನನ್ನು ಕೇಳಿದರು. ಚನ್ನರಾಯಪಟ್ಟಣದವರು ಮಾತ್ರ ಮಾತು ಬೆಳೆಸಲಿಲ್ಲ. ಅವರ ಕ್ಷೇತ್ರಕ್ಕೆ ಶ್ರವಣಬೆಳಗೊಳದ ಹೆಸರಿದೆ. ಮೈಮೇಲಿನ ಬಟ್ಟೆಯನ್ನೂ ತ್ಯಜಿಸಿ ನಿಂತವನ ಊರಿನ ಹೆಸರಿಟ್ಟುಕೊಂಡು ಖರ್ಚಿನ ವಿಷಯ ಆಡುವುದು ಮುಜುಗರವೇ.

ತಮ್ಮ ವಂಶಾವಳಿ ನನಗೆ ಗೊತ್ತು. 2003ರಲ್ಲಿ ತಮ್ಮ ಮನೆತನದ ಹಿರಿಯರು ಹತ್ತು ಲಕ್ಷದವರು. 2011ರಲ್ಲಿ ಹದಿನಾರು, 2014ರಲ್ಲಿ ಇಪ್ಪತ್ತೆಂಟು, 2020ರಲ್ಲಿ ಕೋವಿಡ್ ಹೆಸರಿನಲ್ಲಿ ಮೂವತ್ತು ಲಕ್ಷ ಎಂಬತ್ತು ಸಾವಿರ, 2022ರ ಜನವರಿಯಲ್ಲಿ ತಾವು. ಒಂದು ಕ್ಷೇತ್ರದಲ್ಲಿ ಸುಮಾರು ಎರಡು ಲಕ್ಷ ಮತದಾರರೆಂದು ಹಿಡಿದರೆ ತಲೆಗೆ ಇಪ್ಪತ್ತು ರೂಪಾಯಿ ಬೀಳುತ್ತದೆ. ಅಷ್ಟರಲ್ಲೇ ಕರಪತ್ರ, ಫ್ಲೆಕ್ಸು, ಮೈಕ್ ಸೆಟ್ಟು, ಡೀಸೆಲ್ಲು, ಶಾಮಿಯಾನ, ಬೂತ್ ಏಜೆಂಟರ ಊಟ ಎಲ್ಲ ಮುಗಿಯಬೇಕು. ಬೆಂಗಳೂರಿನ ಪೀಣ್ಯ, ಸುಂಕದಕಟ್ಟೆಗಳಲ್ಲಿ ದುಡಿಯುವ ನಮ್ಮ ಹುಡುಗರನ್ನು ಮತದಾನದ ಹಿಂದಿನ ರಾತ್ರಿ ಊರಿಗೆ ಕರೆತರುವ ಬಸ್ಸುಗಳ ಬಾಡಿಗೆಯಂತೂ ಬೇರೆಯೇ ಮಾತು. ಅದು ಯಾವ ಓಚರಿನಲ್ಲೂ ಇರುವುದಿಲ್ಲ. ಆ ಬಸ್ಸುಗಳು ಬಹುಶಃ ದೇಶಪ್ರೇಮದಿಂದ ಓಡುತ್ತವೆ.

ತಾವು ಇಷ್ಟು ಆರೋಗ್ಯವಾಗಿರುವುದರ ಗುಟ್ಟು ಪ್ರಜಾಪ್ರತಿನಿಧಿ ಕಾಯ್ದೆಯ 77ನೇ ಕಲಮಿನಲ್ಲಿದೆ. ನಾಮಪತ್ರದ ದಿನದಿಂದ ಫಲಿತಾಂಶದ ದಿನದವರೆಗೆ ಮಾಡಿದ್ದಷ್ಟೇ ಖರ್ಚು. 2023ನ್ನೇ ತೆಗೆದುಕೊಳ್ಳಿ. ಮಾರ್ಚ್ 22ಕ್ಕೆ ಯುಗಾದಿ, ಮರುದಿನ ಹೊಸತೊಡಕು. ಚುನಾವಣೆ ಘೋಷಣೆಯಾದದ್ದು ಮಾರ್ಚ್ 29ಕ್ಕೆ, ನಾಮಪತ್ರ ಶುರುವಾದದ್ದು ಏಪ್ರಿಲ್ 13ಕ್ಕೆ. ಹೊಸತೊಡಕಿಗೆ ಯಾರಾದರೂ ಪುಣ್ಯಾತ್ಮರು ಊರಿಗೆಲ್ಲ ಮಾಂಸ ಹಂಚಿದರೆ, ಕುಕ್ಕರ್ ಕೊಟ್ಟರೆ, ಮಂಜುನಾಥನ ದರ್ಶನಕ್ಕೆಂದು ಧರ್ಮಸ್ಥಳಕ್ಕೆ ಬಸ್ಸು ಹೊರಡಿಸಿದರೆ ಅದು ತಮ್ಮ ಲೆಕ್ಕಕ್ಕೆ ಬರುವುದೇ ಇಲ್ಲ. ಹಬ್ಬದ ಲೆಕ್ಕ, ಭಕ್ತಿಯ ಲೆಕ್ಕ. ಪಂಚಾಂಗ ಬರೆಯುವವರಿಗೂ ಚುನಾವಣಾ ಆಯೋಗಕ್ಕೂ ಒಳಒಪ್ಪಂದವಿಲ್ಲ ಎಂಬುದನ್ನು ನಾನು ನಂಬುತ್ತೇನೆ. ಆದರೂ ಯಾವಾಗ ಬರಬೇಕೆಂಬುದು ಯುಗಾದಿಗೆ ಚೆನ್ನಾಗಿ ಗೊತ್ತಿದೆ.

ನಾಮಪತ್ರ ಸಲ್ಲಿಸಿದ ಮೇಲೆ ತಮ್ಮ ಗಾಂಭೀರ್ಯ ನೋಡಬೇಕು. ಚೆಕ್‌ಪೋಸ್ಟಿನಲ್ಲಿ ಪೊಲೀಸರು, ಸಭೆಯಲ್ಲಿ ವಿಡಿಯೋ ತಂಡ, ಕಚೇರಿಯಲ್ಲಿ ವೆಚ್ಚ ವೀಕ್ಷಕರು. ಒಂದು ಟೀಗೆ ಎಷ್ಟು, ಒಂದು ಕುರ್ಚಿಗೆ ಎಷ್ಟು ಎಂದು ಜಿಲ್ಲಾಡಳಿತದ ದರಪಟ್ಟಿ. ಅಭ್ಯರ್ಥಿ ಬರೆದುಕೊಂಡ ಲೆಕ್ಕದ ಪಕ್ಕದಲ್ಲಿ ಅಧಿಕಾರಿಗಳದ್ದೊಂದು ನೆರಳು ವಹಿ. ಇಷ್ಟೆಲ್ಲ ಆದ ಮೇಲೂ ನಮ್ಮ ಕಡೆಯ ಶಾಮಿಯಾನದವರ ಹತ್ತಿರ ಬಿಲ್ಲು ಕೇಳಿದರೆ ಅವರು ತಲೆಯೆತ್ತದೆ ಕೇಳುವುದು ಒಂದೇ ಮಾತು: “ಲೆಕ್ಕದ್ದು ಕೊಡ್ಲಾ ಅಣ್ಣಾ, ನಿಜದ್ದು ಕೊಡ್ಲಾ?”

ನಿಜದ್ದನ್ನು ಬಾಯಿಬಿಟ್ಟವರ ಗತಿ ತಾವು ಬಲ್ಲಿರಿ. ಮಹಾರಾಷ್ಟ್ರದ ಗೋಪಿನಾಥ ಮುಂಡೆಯವರು 2013ರಲ್ಲಿ ತುಂಬಿದ ಸಭೆಯಲ್ಲಿ, 2009ರ ಲೋಕಸಭಾ ಚುನಾವಣೆಗೆ ತಮಗೆ 8 ಕೋಟಿ ಖರ್ಚಾಯಿತೆಂದುಬಿಟ್ಟರು. ಆಗಿನ ಮಿತಿ 25 ಲಕ್ಷ. ಆಯೋಗದಿಂದ ನೋಟಿಸು ಬಂತು. ಅಂದಿನಿಂದ ಸತ್ಯ ಹೇಳುವ ಹವ್ಯಾಸ ಆ ವಲಯದಲ್ಲಿ ಮತ್ತೆ ಕಾಣಿಸಿಕೊಂಡಂತಿಲ್ಲ.

ನಮ್ಮ ಜಿಲ್ಲೆಯ ಕಾಗದಪತ್ರದ ಕಥೆ ಇನ್ನೂ ಸೊಗಸು. 2019ರಲ್ಲಿ ಹಾಸನದಿಂದ ಲೋಕಸಭೆಗೆ ಗೆದ್ದ ಪ್ರಜ್ವಲ್ ರೇವಣ್ಣ ಅವರ ಆಯ್ಕೆಯನ್ನು, ಆಸ್ತಿ ಪ್ರಮಾಣಪತ್ರದಲ್ಲಿ ವಿವರ ಮುಚ್ಚಿಟ್ಟ ಕಾರಣ ಹೈಕೋರ್ಟ್ ಅಸಿಂಧುಗೊಳಿಸಿದ್ದು 2023ರ ಸೆಪ್ಟೆಂಬರ್ 1ರಂದು. ಅಂದರೆ ಐದು ವರ್ಷದ ಅವಧಿಯಲ್ಲಿ ನಾಲ್ಕು ವರ್ಷ ಮುಗಿದ ಮೇಲೆ. ಅದೇ ತಿಂಗಳು ಸುಪ್ರೀಂ ಕೋರ್ಟಿನಿಂದ ತಡೆಯಾಜ್ಞೆಯೂ ಸಿಕ್ಕಿತು. ದಾವೆ ಹೂಡಿದವರಲ್ಲಿ ಒಬ್ಬರು ಅವರೆದುರು ಬಿಜೆಪಿಯಿಂದ ನಿಂತು ಸೋತಿದ್ದ ಎ. ಮಂಜು. ತೀರ್ಪು ಬರುವಷ್ಟರಲ್ಲಿ ಮಂಜು ಅವರು ಪ್ರಜ್ವಲ್ ಅವರದೇ ಪಕ್ಷ ಸೇರಿ ಅರಕಲಗೂಡಿನ ಶಾಸಕರಾಗಿದ್ದರು. ನ್ಯಾಯ ನಿಧಾನವಾಗಿ ನಡೆದುಬರುವುದರೊಳಗೆ ನಮ್ಮಲ್ಲಿ ಮನೆ, ಮನೆಯ ಯಜಮಾನ, ಬಾಗಿಲಿನ ದಿಕ್ಕು ಎಲ್ಲ ಬದಲಾಗಿರುತ್ತವೆ.

ಇನ್ನು ತಮ್ಮ ಬೇಲಿಯ ವಿಚಾರ. ಪಕ್ಷ ಮಾಡಿದ ಖರ್ಚನ್ನೂ ಅಭ್ಯರ್ಥಿಯ ಲೆಕ್ಕಕ್ಕೆ ಹಿಡಿಯಬೇಕೆಂದು 1974ರ ಅಕ್ಟೋಬರಿನಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ತಿಂಗಳು ತುಂಬುವ ಮೊದಲೇ ದೆಹಲಿಯಲ್ಲಿ ಆ ತೀರ್ಪನ್ನು ನಿಷ್ಫಲಗೊಳಿಸುವ ಸುಗ್ರೀವಾಜ್ಞೆ ಸಿದ್ಧವಾಗಿತ್ತು. ಸರ್ಕಾರ ಅಷ್ಟು ಬೇಗ ಕೆಲಸ ಮಾಡಿದ್ದನ್ನು ರೈತರು ಬರಗಾಲದಲ್ಲೂ ಕಂಡಿಲ್ಲ. 2003ರಲ್ಲಿ ಆ ಸಂದನ್ನು ಅರ್ಧ ಮುಚ್ಚಿದರು. ತಾರಾ ಪ್ರಚಾರಕರ ಹೆಲಿಕಾಪ್ಟರ್ ಪ್ರಯಾಣ ಇಂದಿಗೂ ಹೊರಗೇ ಹಾರುತ್ತಿದೆ. ಪಕ್ಷ ಎಷ್ಟು ಖರ್ಚು ಮಾಡಬಹುದು ಎಂಬುದಕ್ಕಂತೂ ಮಿತಿಯೇ ಇಲ್ಲ. ತಾವು ಮುಂಬಾಗಿಲಲ್ಲಿ ಲಾಠಿ ಹಿಡಿದು ನಿಂತಿದ್ದೀರಿ, ಹಿತ್ತಲಿಗೆ ಗೋಡೆಯನ್ನೇ ಕಟ್ಟಿಲ್ಲ.

ಈಗ ಕೇಳಲೇಬೇಕಾದ ಪ್ರಶ್ನೆ. ತಮ್ಮ ಹೆಸರಿನವರೇ ಇನ್ನೊಬ್ಬರಿದ್ದಾರೆ, ಶ್ರೀ ನಲವತ್ತು ಪರ್ಸೆಂಟು. 2021ರಲ್ಲಿ ರಾಜ್ಯ ಗುತ್ತಿಗೆದಾರರ ಸಂಘ ಕಾಮಗಾರಿಗಳ ಕಮಿಷನ್ ಬಗ್ಗೆ ಪ್ರಧಾನಿಯವರಿಗೆ ಬರೆದ ದೂರಿನಿಂದ ಪ್ರಸಿದ್ಧರಾದರು. ಆರೋಪವೆನ್ನಿ, ರಾಜಕೀಯವೆನ್ನಿ, 2023ರ ಚುನಾವಣೆಯ ಭಾಷಣಗಳಲ್ಲಿ ಅವರ ಹೆಸರು ಬಾರದ ದಿನವಿಲ್ಲ. ಅವರು ತಮಗೆ ದಾಯಾದಿಯೇ? ನನ್ನ ಗುಮಾನಿ ಹೌದೆನ್ನುತ್ತದೆ. ತಮ್ಮನ್ನು ಮೀರಿದ ಖರ್ಚು, ತಮ್ಮ ವಹಿಯಲ್ಲಿ ಕಾಣದ ಖರ್ಚು, ಎಲ್ಲೋ ಒಂದು ಕಡೆ ವಸೂಲಾಗಲೇಬೇಕಲ್ಲ. ಆರು ತಿಂಗಳಿಗೆ ಕಿತ್ತುಬರುವ ಡಾಂಬರಿನಲ್ಲಿ, ನೀರು ಹರಿಯದ ನಾಲೆಯ ಹೂಳೆತ್ತಿದ ಬಿಲ್ಲಿನಲ್ಲಿ, ವರ್ಗಾವಣೆಯ ಕಾಗದದಲ್ಲಿ. ಹಣ ಹೋಗುವುದು ಖಜಾನೆಯಿಂದಲೇ. ಅಂದಮೇಲೆ ಚುನಾವಣೆಯ ಖರ್ಚನ್ನು ಸರ್ಕಾರ ಭರಿಸಬೇಕೇ ಬೇಡವೇ ಎಂದು ವಿದ್ವಾಂಸರು ಐವತ್ತು ವರ್ಷ ಚರ್ಚಿಸಿದ್ದು ಯಾಕೆಂದು ನನಗೆ ಅರ್ಥವಾಗುವುದಿಲ್ಲ. ಸರ್ಕಾರ ಭರಿಸುತ್ತಲೇ ಇದೆ. ಓಚರು ಮಾತ್ರ ಇಲ್ಲ.

ಓಚರು ಕೇಳುವುದೇ ನನ್ನ ಈ ಪತ್ರದ ಉದ್ದೇಶ.

ಓಚರು ಇಟ್ಟು ಸರ್ಕಾರವೇ ಚುನಾವಣೆಯ ಖರ್ಚು ಭರಿಸಲಿ ಎಂಬುದು ಹೊಸ ಹುಚ್ಚೇನೂ ಅಲ್ಲ. ಹೊಳೆನರಸೀಪುರದ ಎಚ್.ಡಿ. ದೇವೇಗೌಡರು 1996ರಲ್ಲಿ ಪ್ರಧಾನಿಯಾದಾಗ ಅವರ ಗೃಹ ಸಚಿವರಾಗಿದ್ದವರು ಇಂದ್ರಜಿತ್ ಗುಪ್ತ. ಅದೇ ಗುಪ್ತರ ಅಧ್ಯಕ್ಷತೆಯಲ್ಲಿ, ಮನಮೋಹನ ಸಿಂಗರೂ ಸದಸ್ಯರಾಗಿದ್ದ ಸಮಿತಿ 1998ರಲ್ಲಿ, ಚುನಾವಣೆಗೆ ಸರ್ಕಾರದ ನೆರವು ಬೇಕೆಂದು ಹೇಳಿತು. ಮತದಾರನಿಗೆ ಹತ್ತು ರೂಪಾಯಿಯಂತೆ ನಿಧಿ, ರೊಕ್ಕವಾಗಿ ಕೊಡದೆ ಡೀಸೆಲ್ಲು, ಕಾಗದ, ಮೈಕುಗಳ ರೂಪದಲ್ಲಿ ಹಂಚಿಕೆ. ಒಳ್ಳೆಯದೇ. ಆದರೆ ನೆರವು ಮಾನ್ಯತೆ ಪಡೆದ ಪಕ್ಷಗಳಿಗೆ ಮಾತ್ರ, ಪಕ್ಷೇತರರಿಗೆ ಇಲ್ಲ ಎಂದರು. ಇಲ್ಲೇ ನನಗೆ ನಗು ಬರುವುದು. ಅದೇ ದೇವೇಗೌಡರು 1962ರಲ್ಲಿ ಹೊಳೆನರಸೀಪುರದಿಂದ ಮೊದಲ ಸಲ ವಿಧಾನಸಭೆಗೆ ಗೆದ್ದುಬಂದದ್ದು ಪಕ್ಷೇತರರಾಗಿ ಎಂಬುದು ಗುಪ್ತರಿಗೆ ನೆನಪಾಗಲಿಲ್ಲವೇನೋ. 2023ರಲ್ಲಿ ಅರಕಲಗೂಡಿನಲ್ಲಿ ಎರಡನೆಯ ಸ್ಥಾನಕ್ಕೆ ಬಂದವರೂ ಪಕ್ಷೇತರರೇ. ನಮ್ಮ ಸೀಮೆಗೆ ಆ ವರದಿಯ ಅಂಗಿ ಹೊಂದುವುದಿಲ್ಲ, ತೋಳು ಬಿಚ್ಚಿ ಹೊಲಿಯಬೇಕು.

1999ರಲ್ಲಿ ಕಾನೂನು ಆಯೋಗ, ಪೂರ್ತಿ ಸರ್ಕಾರಿ ಹಣವಾದರೆ ಒಳ್ಳೆಯದು, ಆದರೆ ಬೇರೆ ಎಲ್ಲಿಂದಲೂ ಪಕ್ಷಗಳು ದುಡ್ಡು ಎತ್ತಬಾರದು ಎಂದಿತು. 2015ರಲ್ಲಿ ಅದೇ ಆಯೋಗ ಪೂರ್ತಿ ಹಣ ಈಗ ಆಗದ ಮಾತು ಎಂದಿತು. ಆಮೇಲೆ 2018ರಲ್ಲಿ ಚುನಾವಣಾ ಬಾಂಡು ಬಂದು, ಕೊಟ್ಟವರ ಹೆಸರು ಗುಟ್ಟಾಗಿಯೇ ಉಳಿದು, 2024ರ ಫೆಬ್ರವರಿ 15ರಂದು ಸುಪ್ರೀಂ ಕೋರ್ಟಿನಲ್ಲಿ ಅದು ತೀರಿಕೊಂಡದ್ದು ತಮಗೆ ಗೊತ್ತೇ ಇದೆ.

“ಖಜಾನೆಯಲ್ಲಿ ಅಷ್ಟು ದುಡ್ಡೆಲ್ಲಿದೆ?” ಎನ್ನುವವರಿಗಾಗಿ ಒಂದು ಲೆಕ್ಕ ಹಾಕಿದ್ದೇನೆ, ತಾವೂ ಕೂಡಿಸಿ ನೋಡಿ. ರಾಜ್ಯದಲ್ಲಿ 224 ಕ್ಷೇತ್ರ. ಒಂದೊಂದರಲ್ಲಿ ಮೂವರು ಅಭ್ಯರ್ಥಿಗಳಿಗೆ ತಮ್ಮನ್ನು ಪೂರ್ತಿಯಾಗಿ, ಒಂದು ಪೈಸೆ ಬಿಡದೆ, ಸರ್ಕಾರವೇ ಕೊಟ್ಟರೂ ಆಗುವುದು 268 ಕೋಟಿ 80 ಲಕ್ಷ. ಐದು ವರ್ಷಕ್ಕೊಮ್ಮೆ. ರಾಜ್ಯದ 2025-26ರ ಬಜೆಟ್ಟು 4 ಲಕ್ಷ 9 ಸಾವಿರ ಕೋಟಿ ದಾಟಿದೆ. ಅದರ ಸಾವಿರದಲ್ಲಿ ಒಂದು ಪಾಲೂ ಅಲ್ಲ. ಇನ್ನೊಂದು ಅಂಕಿ: 2023ರ ಚುನಾವಣೆಯಲ್ಲಿ ರಾಜ್ಯದಲ್ಲಿ ವಶಪಡಿಸಿಕೊಂಡ ನಗದು, ಮದ್ಯ, ಚಿನ್ನ, ಮಾದಕವಸ್ತು, ಉಡುಗೊರೆಗಳ ಮೌಲ್ಯ ಸುಮಾರು 375 ಕೋಟಿ. ಸಿಕ್ಕಿಬಿದ್ದದ್ದಷ್ಟೇ ಅದು. ನಾವು ಕೇಳುತ್ತಿರುವ ಹಣಕ್ಕಿಂತ ನೂರು ಕೋಟಿಗೂ ಹೆಚ್ಚು ಮಾಲು ಚೆಕ್‌ಪೋಸ್ಟುಗಳಲ್ಲೇ ಇಳಿದಿದೆ. ಚೆಕ್‌ಪೋಸ್ಟು ದಾಟಿದ್ದರ ಅಂಕಿ ಚೆಕ್‌ಪೋಸ್ಟಿನವರ ಹತ್ತಿರ ಇರುವುದಿಲ್ಲ.

ಈ ಹಣವನ್ನು ಪಕ್ಷದ ಕಚೇರಿಗೆ ಕೊಡುವುದು ನನಗೆ ಸಮ್ಮತವಿಲ್ಲ. ಅಮೆರಿಕದ ಸಿಯಾಟಲ್ ಎಂಬ ಊರಿನವರು 2015ರಲ್ಲಿ ಮತ ಹಾಕಿ ಒಂದು ಪದ್ಧತಿ ತಂದುಕೊಂಡರು. ನಗರದ ಚುನಾವಣೆಗೆ ಮತದಾರರಿಗೆ ತಲಾ 25 ಡಾಲರಿನ ನಾಲ್ಕು ಕೂಪನ್ನು. ಇಷ್ಟವಾದ ಅಭ್ಯರ್ಥಿಗೆ ಅದನ್ನು ಕೊಟ್ಟರೆ ಹಣ ನಗರಾಡಳಿತದಿಂದ ನೇರ ಆತನ ಪ್ರಚಾರದ ಖಾತೆಗೆ. ನಮ್ಮಲ್ಲಿ ಐದು ಕೋಟಿಗೂ ಹೆಚ್ಚು ಮತದಾರರಿದ್ದಾರೆ. ತಲೆಗೆ 50 ರೂಪಾಯಿ ಕೂಪನ್ನೆಂದರೂ ಮೇಲಿನ ಮೊತ್ತದ ಹತ್ತಿರವೇ ಬರುತ್ತದೆ. ಆಗ ಅಭ್ಯರ್ಥಿ ನನ್ನ ಮನೆ ಬಾಗಿಲಿಗೆ ಕೊಡಲು ಬರುವುದಿಲ್ಲ, ಕೇಳಲು ಬರುತ್ತಾನೆ. ಜನ್ಮದಲ್ಲೊಮ್ಮೆ ಆ ದೃಶ್ಯ ನೋಡಬೇಕೆಂಬ ಆಸೆ ನನಗಿದೆ. “ಅಣ್ಣಾ, ನಿಮ್ಮ ಮನೆಯಲ್ಲಿ ನಾಲ್ಕು ಕೂಪನ್ನಿದೆಯಂತೆ.” “ಇದೆಯಪ್ಪ. ಆಲೂಗಡ್ಡೆಗೆ ಅಂಗಮಾರಿ ಬಂದಾಗ ಎಲ್ಲಿದ್ದೆ?”

ಕೂಪನ್ನನ್ನೂ ಮಾರಿಕೊಳ್ಳುತ್ತಾರೆ ಎಂದು ತಾವು ನಗಬಹುದು. ಕೆಲವರು ಮಾರಿಕೊಳ್ಳುತ್ತಾರೆ. ಕೊಂಡವನಿಗೆ ಅದರಿಂದ ಸಿಗುವುದು ಲೆಕ್ಕಪರಿಶೋಧನೆಗೆ ಒಳಪಟ್ಟ ಖಾತೆಯಲ್ಲಿ 50 ರೂಪಾಯಿ, ಅದೂ ಕರಪತ್ರಕ್ಕೆ, ಮೈಕಿಗೆ. ಅದರಲ್ಲಿ ಬಾಡೂಟ ಹಾಕಿಸಲಾಗದು. ಕಪ್ಪುಹಣ ಇದರ ಮೇಲೆಯೂ ಬಂದು ಕೂರುತ್ತದೆ ಎಂಬ ಆಕ್ಷೇಪ ಮಾತ್ರ ಗಟ್ಟಿಯಾದದ್ದು. ಪಕ್ಷದ ಖರ್ಚಿಗೆ ಮಿತಿ ಹಾಕದೆ, ಹೊಸತೊಡಕಿನ ದಿನವನ್ನೂ ಲೆಕ್ಕಕ್ಕೆ ಹಿಡಿಯದೆ ಬರೀ ಕೂಪನ್ನು ಕೊಟ್ಟರೆ ದೊಡ್ಡವರ ಮನೆಯ ಊಟದ ಮೇಲೆ ಸರ್ಕಾರಿ ಪಾಯಸ ಬಡಿಸಿದಂತಾಗುತ್ತದೆ. ಮೂರೂ ಒಟ್ಟಿಗೆ ಆಗಬೇಕು. ಆದರೆ ಅರಕಲಗೂಡಿನ ಒಬ್ಬ ನಿವೃತ್ತ ಮೇಷ್ಟ್ರು, ಚನ್ನರಾಯಪಟ್ಟಣದ ಒಬ್ಬ ಆಶಾ ಕಾರ್ಯಕರ್ತೆ ತೆಂಗಿನ ತೋಟ ಅಡವಿಡದೆ ಚುನಾವಣೆಗೆ ನಿಲ್ಲಲು ಬೇರೆ ದಾರಿ ನನಗೆ ಕಾಣುತ್ತಿಲ್ಲ.

ವಿಧಾನಸೌಧದವರನ್ನು ಕೇಳಿದರೆ, ವಿಧಾನಸಭಾ ಚುನಾವಣೆಯ ಕಾನೂನು ಮಾಡುವವರು ಸಂಸತ್ತಿನವರು, ದೆಹಲಿಗೆ ಹೋಗಿ ಎನ್ನುತ್ತಾರೆ. ನಿಜ. ಆದರೆ ಪಂಚಾಯಿತಿ ಚುನಾವಣೆಯ ಕಾನೂನು ರಾಜ್ಯದ ಕೈಯಲ್ಲೇ ಇದೆಯಲ್ಲ, ಅಲ್ಲಿ ಪ್ರಯೋಗ ಮಾಡಿ ಎಂದರೆ? ಜಿಲ್ಲಾ, ತಾಲ್ಲೂಕು ಪಂಚಾಯಿತಿಗಳ ಅವಧಿ 2021ರಲ್ಲಿ ಮುಗಿದ ಮೇಲೆ ವರ್ಷಗಟ್ಟಲೆ ಚುನಾವಣೆಯನ್ನೇ ನಡೆಸದೆ ಇಟ್ಟರು. ಚುನಾವಣಾ ವೆಚ್ಚ ಉಳಿಸುವುದಕ್ಕೆ ಇದಕ್ಕಿಂತ ಕ್ರಾಂತಿಕಾರಿ ಸುಧಾರಣೆ ಇಂದ್ರಜಿತ್ ಗುಪ್ತರಿಗೂ ಹೊಳೆದಿರಲಿಲ್ಲ.

ಹೀಗಾಗಿ ತಮ್ಮನ್ನೇ ಕೇಳುತ್ತಿದ್ದೇನೆ. 2028ರ ಚುನಾವಣೆಗೆ ತಾವು ಮತ್ತೆ ಬೆಳೆದು ಐವತ್ತೋ ಅರವತ್ತೋ ಲಕ್ಷದವರಾಗಿ ಬರುವಿರಿ, ಅದಕ್ಕೆ ಅಡ್ಡಿಯಿಲ್ಲ. ಬರುವಾಗ ಖಜಾನೆಯ ಚೆಕ್ಕಾಗಿ ಬನ್ನಿ. ಹಾಸನದಲ್ಲಿ ಬಸ್ಸಿಳಿದು ಯಾರನ್ನು ಕೇಳಿದರೂ ನನ್ನ ಮನೆ ತೋರಿಸುತ್ತಾರೆ. ಮತದಾರರ ಪಟ್ಟಿಯಲ್ಲಿ ಹೆಸರಿದ್ದ ಯಾರ ಮನೆಯಾದರೂ ನಡೆಯುತ್ತದೆ. ಈ ಪತ್ರಕ್ಕೆ ಉತ್ತರವನ್ನು ಮೂವತ್ತು ದಿನದೊಳಗೆ ಕಳುಹಿಸಿ, ಅಭ್ಯರ್ಥಿಗಳಿಗಿರುವ ಗಡುವೇ ತಮಗೂ. ಉತ್ತರ ಎರಡು ಪ್ರತಿಯಲ್ಲಿದ್ದರೆ ದಯವಿಟ್ಟು ನಿಜದ್ದನ್ನು ನನಗೆ ಕೊಟ್ಟು, ಲೆಕ್ಕದ್ದನ್ನು ಕಚೇರಿಯಲ್ಲೇ ಇಟ್ಟುಕೊಳ್ಳಿ.

ಇಂತಿ ತಮ್ಮ ವಿಶ್ವಾಸಿ,
ತಲೆಗೆ ಇಪ್ಪತ್ತು ರೂಪಾಯಿಯ ಒಬ್ಬ ಮತದಾರ,
ಹಾಸನ ಜಿಲ್ಲೆ